ಹದಿನೇಳನೇ ನಂಬರಿನ ನಿವೃತ್ತಿ

ಆಪತ್ತು ಗುಡುಗಿಕೊಂಡೇ ಬರಬೇಕೆಂದೇನಿಲ್ಲ. ಲಾಯದವನ ಪಾಲಿಗೆ ಅದು ಅಂಟು ಸವರಿದ ಅರ್ಧ ಹಾಳೆಯಾಗಿ ಬಂತು. ಬೆಳಿಗ್ಗೆ ನೀರಿನ ಬಕೆಟ್ಟು ಹಿಡಿದು ಬರುವಷ್ಟರಲ್ಲಿ ಪುಣ್ಯಾತ್ಮರು ಯಾರೋ ಅದನ್ನು ಲಾಯದ ಬಾಗಿಲಿಗೆ ಅಂಟಿಸಿ ಹೋಗಿದ್ದರು. "ನಗರ ಪೊಲೀಸ್, ಸಾರಿಗೆ ವಿಭಾಗ. ಕೆಳಕಂಡ ನಿರುಪಯುಕ್ತ ಸಾಮಗ್ರಿಗಳನ್ನು ಇಂದು ಸಂಜೆ ಐದು ಗಂಟೆಗೆ ಹರಾಜು ಹಾಕಲಾಗುವುದು. ಜೀಪು ನಾಲ್ಕು. ಸೈಕಲ್ಲು ಹನ್ನೊಂದು. ತೂತು ಬಿದ್ದ ದೋಣಿ ಒಂದು. ಕುದುರೆ ಒಂದು, ಬಣ್ಣ ಕಂದು, ಸ್ಥಿತಿ: ನಿಂತಿದೆ."

ಕುದುರೆ ನಿಂತೇ ಇತ್ತು. ಅದಕ್ಕೆ ಹೆಸರಿರಲಿಲ್ಲ, ಹದಿನೇಳು ಎಂಬ ನಂಬರಿತ್ತು. ಹಿಂದೆ ಇಲಾಖೆಗೆ ದೊಡ್ಡ ಅಶ್ವದಳವಿತ್ತು. ದಳ ಮುಚ್ಚಿದಾಗ ಒಳ್ಳೊಳ್ಳೆಯ ಕುದುರೆಗಳನ್ನು ಯಾರು ಯಾರೋ ಕೊಂಡುಹೋದರು. ಒಂದು ಕಣ್ಣು ಕಾಣದ ಹದಿನೇಳು ಉಳಿಯಿತು. ಓಡುವುದೆಲ್ಲ ಸಾರಿಗೆ ಎಂದು ಯಾರೋ ತೀರ್ಮಾನಿಸಿ ಕುದುರೆಯನ್ನೂ ಲಾಯದವನನ್ನೂ ಸಾರಿಗೆ ವಿಭಾಗಕ್ಕೆ ಸೇರಿಸಿದರು. ಇಬ್ಬರೂ ಕೆಲಸಕ್ಕೆ ಸೇರಿದ್ದು ಒಂದೇ ದಿನ, ಹದಿನೆಂಟು ವರ್ಷದ ಹಿಂದೆ. ಲಾಯದವನಿಗೆ ಮಕ್ಕಳಿಲ್ಲ. ಇದ್ದರೂ ಈ ಕುದುರೆಯಷ್ಟು ಹೇಳಿದ ಮಾತು ಕೇಳುತ್ತಿದ್ದವೋ ಇಲ್ಲವೋ.

ಅವನು ಹಾಳೆ ಕಿತ್ತುಕೊಂಡು ಸಾರಿಗೆ ಸಾಹೇಬರ ಬಳಿಗೆ ಓಡಿದ.

"ನೀನ್ಯಾಕಯ್ಯ ಅಳ್ತೀಯ? ನಿನ್ನನ್ನೇನು ಹರಾಜು ಹಾಕ್ತಿಲ್ವಲ್ಲ!" ಎಂದರು ಸಾಹೇಬರು. "ನೀನು ನನ್ನ ವಿಭಾಗದೋನು. ನಾಳೆಯಿಂದ ಜೀಪು ತೊಳಿ. ಇನ್ನೆರಡು ವರ್ಷ ಹೆಂಗೋ ಕಳೆದುಹೋಗತ್ತೆ, ಇಪ್ಪತ್ತು ತುಂಬಿದ್ರೆ ಪಿಂಚಣಿ. ಆರಾಮಾಗಿರು."

"ಇವನನ್ನ ಯಾರು ತಗೋತಾರೆ ಸಾರ್?"

"ಗುಜರಿಯೋನು. ಎಲ್ಲಾ ಒಟ್ಟಿಗೇ ಎತ್ಕೊಂಡು ಹೋಗ್ತಾನೆ."

"ಅವನು ಜೀಪನ್ನ ಬಿಚ್ಚಿ ಮಾರ್ತಾನೆ ಸಾರ್. ಇವನನ್ನ ಏನು ಮಾಡ್ತಾನೆ?"

ಸಾಹೇಬರು ಎದುರಿಗಿದ್ದ ಕಡತದ ದಾರವನ್ನು ಬಿಗಿಯಾಗಿ ಕಟ್ಟಿದರು.

ಲಾಯಕ್ಕೆ ವಾಪಸು ಬಂದರೆ ಹೆಂಡತಿ ಡಬ್ಬಿ ಹಿಡಿದು ನಿಂತಿದ್ದಳು. ಇಲಾಖೆಯ ಮನೆಗಳು ಹಿಂದಿನ ಬೀದಿಯಲ್ಲೇ ಇದ್ದುದರಿಂದ ಸುದ್ದಿ ಅವಳಿಗೆ ಆಗಲೇ ಮುಟ್ಟಿತ್ತು. "ರೀ, ಬೇಲಿ ಮೇಲೆ ಹೋಗೋದನ್ನ ಮೈಮೇಲೆ ಎಳ್ಕೋಬೇಡಿ, ಜೀಪು ತೊಳ್ಕೊಂಡಿರಿ ಅಂತ ಹೇಳೋಣ ಅಂತಾನೇ ಬಂದೆ," ಎಂದಳು. ಆಮೇಲೆ ಸೆರಗಿನಿಂದ ಮೂಗೊರೆಸಿಕೊಂಡಳು. "ಆದ್ರೆ ಅದು ಒಂದೇ ಕಣ್ಣಲ್ಲಿ ಹಂಗೆ ನೋಡ್ತಿದ್ರೆ ನನ್ನ ಕೈಲಿ ಆಗಲ್ಲ. ಹೋಗಿ, ಏನಾದ್ರೂ ಮಾಡಿ."

ಅಷ್ಟು ಹೊತ್ತಿಗೆ, ಕರೆಯದೇ ಬರುವುದನ್ನು ಕಸುಬು ಮಾಡಿಕೊಂಡಿದ್ದ ರೈಟರ್ ಬಂದ. ಠಾಣೆಯ ದಾಖಲೆಗಳನ್ನೆಲ್ಲ ಬರೆಯುವವನು ಅವನೇ ಆದ್ದರಿಂದ ಇಲಾಖೆಯ ನಿಯಮಗಳೆಲ್ಲ ತನ್ನ ಜೇಬಿನಲ್ಲಿವೆ ಎಂಬ ಜಂಬ ಅವನಿಗೆ.

"ಲಾಯದಣ್ಣ, ಅತ್ತು ಪ್ರಯೋಜನವಿಲ್ಲ. ಇಲಾಖೇಲಿ ಇರೋದು ಎರಡೇ ಬಗೆ. ಒಂದು ಸಾಮಾನು, ಇನ್ನೊಂದು ಸಿಬ್ಬಂದಿ. ಸಾಮಾನು ಕೆಟ್ರೆ ಹರಾಜು, ಸಿಬ್ಬಂದಿ ಕೆಟ್ರೆ ನಿವೃತ್ತಿ. ಇದನ್ನ ಸಿಬ್ಬಂದಿ ಅನ್ನಿಸಿಬಿಡು, ಮುಗೀತು. ನಂಬರಿದೆ, ಸೇವಾ ಪುಸ್ತಕ ಇದೆ, ಪದಕ ಬೇರೆ ಬಂದಿದೆ. ಇನ್ನೇನು ಬೇಕು?"

ಪದಕ ಬಂದದ್ದು ನಿಜ. ಒಮ್ಮೆ ದೊಡ್ಡ ಗಲಭೆಯಲ್ಲಿ ಇಡೀ ಪಡೆ ಕಾಲಿಗೆ ಬುದ್ಧಿ ಹೇಳಿದಾಗ ಹದಿನೇಳು ಒಂದೇ ನಡುಬೀದಿಯಲ್ಲಿ ಕದಲದೆ ನಿಂತಿತ್ತು. ಅದು ಆಗ ನಿದ್ದೆ ಮಾಡುತ್ತಿತ್ತೆಂಬುದು ಲಾಯದವನಿಗೆ ಮಾತ್ರ ಗೊತ್ತು.

ಸೇವಾ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಲಾಯದವನೂ ರೈಟರೂ ಕೇಂದ್ರ ಕಚೇರಿಯ ಮೆಟ್ಟಿಲು ಹತ್ತಿದರು. ಅಲ್ಲಿ ಮಹಡಿಗೊಬ್ಬರು ಉಪ ಆಯುಕ್ತರು. ಕಾನೂನು ಸುವ್ಯವಸ್ಥೆಯವರು, "ಗಲಾಟೆ ಮಾಡ್ತಿದ್ಯೇನಯ್ಯ ಕುದುರೆ? ಇಲ್ಲ ತಾನೆ? ಹಂಗಾದ್ರೆ ನಂದಲ್ಲ," ಎಂದರು. ಸಂಚಾರದವರು, "ರಸ್ತೇಲಿ ಅಡ್ಡ ನಿಂತಿದ್ರೆ ಹೇಳು, ಎತ್ತಿಸ್ತೀನಿ," ಎಂದರು. ಅಪರಾಧ ವಿಭಾಗದವರು ಮಾತ್ರ ಪ್ರೀತಿಯಿಂದ ಕೂರಿಸಿ, "ಕಳುವಾದ ಮೇಲೆ ಬಾ," ಎಂದರು. ಲಾಯದವನಿಗೆ ಒಂದು ಗಳಿಗೆ ಆ ಯೋಚನೆಯೂ ಬಂತು. ಆದರೆ ಅಷ್ಟೆತ್ತರದ ಪ್ರಾಣಿಯನ್ನು ಎರಡು ಕೋಣೆಯ ಮನೆಯಲ್ಲಿ ಎಲ್ಲಿ ಬಚ್ಚಿಡುವುದು?

ಕೊನೆಗೆ ಆಯುಕ್ತರ ಕೋಣೆ. ಅವರು ತಾಳ್ಮೆಯಿಂದ ಎಲ್ಲ ಕೇಳಿ ನಿಟ್ಟುಸಿರು ಬಿಟ್ಟರು.

"ನೋಡಯ್ಯಾ, ಇಡೀ ಊರು ನನಗೆ ಹೆದರತ್ತೆ. ಆದ್ರೆ ಯಾರು ಸಿಬ್ಬಂದಿ, ಯಾರು ಅಲ್ಲ ಅನ್ನೋದನ್ನ ತೀರ್ಮಾನಿಸೋದು ನಾಗರಿಕ ಮಂಡಳಿ. ಅವರ ಮುಂದೆ ನಾನೇ ಕೈಕಟ್ಕೊಂಡು ನಿಲ್ತೀನಿ. ಮೂರು ಗಂಟೆಗೆ ಸಭೆ ಇದೆ, ಬಾ."

ಮಂಡಳಿಯಲ್ಲಿ ಮೂವರು: ಒಬ್ಬ ಹಲ್ಲಿನ ಡಾಕ್ಟರು, ಒಬ್ಬ ವಕೀಲರು, ಅಧ್ಯಕ್ಷರ ಕುರ್ಚಿಯಲ್ಲಿ ನಿವೃತ್ತ ಮುಖ್ಯೋಪಾಧ್ಯಾಯಿನಿ. ಗೋಡೆಯ ಮೇಲೆ ಯಾರ ಕೆಳಗೆ ಯಾರು ಎಂದು ತೋರಿಸುವ ದೊಡ್ಡ ನಕ್ಷೆ. ಕುದುರೆಯ ಸರದಿ ಬರುವ ಹೊತ್ತಿಗೆ ಗಂಟೆ ನಾಲ್ಕೂಮುಕ್ಕಾಲು. ಕೆಳಗೆ ಲಾಯದ ಮುಂದಿನ ಅಂಗಳದಲ್ಲಿ ಗುಜರಿಯವನ ಲಾರಿ ಹಾರನ್ ಹೊಡೆಯುವುದು ಕಿಟಕಿಯಿಂದ ಕೇಳಿಸುತ್ತಿತ್ತು. ಒಂದೊಂದು ಹಾರನ್ನಿಗೂ ಲಾಯದವನು ಕಿಟಕಿಯತ್ತ ಕತ್ತು ಚಾಚುತ್ತಿದ್ದ.

ಮುಖ್ಯೋಪಾಧ್ಯಾಯಿನಿ ಕನ್ನಡಕ ಏರಿಸಿ ಸೇವಾ ಪುಸ್ತಕವನ್ನು ಉತ್ತರ ಪತ್ರಿಕೆ ತಿದ್ದುವಂತೆ ಓದಿದರು. "ಹದಿನೆಂಟು ವರ್ಷ. ಕಾಯಿಲೆ ರಜೆ ಒಂದೇ ಸಲ, ಹೊಟ್ಟೆನೋವು. ಸಾರ್ವಜನಿಕರಿಂದ ದೂರು ಒಂದೂ ಇಲ್ಲ! ಆಯುಕ್ತರೇ, ನಿಮ್ಮ ಇಲಾಖೇಲಿ ಇಂಥೋರು ಇನ್ನೊಬ್ಬರಿದಾರಾ?"

ಆಯುಕ್ತರು ಫ್ಯಾನನ್ನು ನೋಡಿದರು.

ವಕೀಲರು ಸುಮ್ಮನಿರುವ ಜಾತಿಯವರಲ್ಲ. "ಅಲ್ಲಪ್ಪಾ, ಕುದುರೆ ಸಿಬ್ಬಂದಿ ಆದ್ರೆ ನೀನು ಯಾರು? ಈ ನಕ್ಷೇಲಿ ನಿನ್ನನ್ನ ಎಲ್ಲಿ ಇಡೋದು?"

ಕೆಳಗೆ ಲಾರಿಯ ಹಿಂಬಾಗಿಲು ದಡಾರನೆ ಬಿಚ್ಚಿಕೊಂಡ ಸದ್ದಾಯಿತು. ಲಾಯದವನಿಗೆ ಯೋಚಿಸಲು ಪುರುಸೊತ್ತಿರಲಿಲ್ಲ.

"ನಾನು ಅವನ ಕೈಕೆಳಗೆ ಇರೋನು ಸ್ವಾಮೀ! ಹದಿನೆಂಟು ವರ್ಷದಿಂದ ಅವನ ಸೇವೆ ಮಾಡ್ಕೊಂಡಿದೀನಿ. ನನ್ನನ್ನ ಎಲ್ಲಿ ಬೇಕಾದ್ರೂ ಇಡಿ, ಅವನನ್ನ ಬಿಡಿಸಿ!"

"ಬರ್ಕೊಳ್ಳಿ," ಎಂದರು ಮುಖ್ಯೋಪಾಧ್ಯಾಯಿನಿ. ಮೂರು ಕೈಗಳು ಮೇಲೆದ್ದವು.

ಲಾಯದವನು ಮೆಟ್ಟಿಲುಗಳನ್ನು ಇಳಿದನೋ ಉರುಳಿದನೋ, ಅಂತೂ ಅಂಗಳ ಸೇರಿದ. ಹದಿನೇಳನ್ನು ಲಾರಿಗೆ ಹತ್ತಿಸಿ ಆಗಿತ್ತು. ಆದೇಶದ ಕಾಗದ ತೋರಿಸಿ, ಗುಜರಿಯವನ ಬೈಗುಳ ತಿಂದು, ದೋಣಿಗೂ ಸೈಕಲ್ಲುಗಳಿಗೂ ನಡುವೆ ಸಿಕ್ಕಿಕೊಂಡಿದ್ದ ಕುದುರೆಯನ್ನು ಇಳಿಸಿಕೊಂಡ. ಅದರ ಕತ್ತು ತಬ್ಬಿ ನಾಚಿಕೆ ಬಿಟ್ಟು ಅತ್ತ. ಹೆಂಡತಿಯೂ ಅತ್ತಳು. ಇಡೀ ದಿನದಲ್ಲಿ ಅವರಿಗೆ ಸಿಕ್ಕ ಸುಖವೆಂದರೆ ಆ ಕಾಲು ಗಂಟೆ.

ಕಾಲು ಗಂಟೆಯ ಮೇಲೆ ರೈಟರ್ ಒಂದು ಫಾರಂ ಹಿಡಿದುಕೊಂಡು ಲಾಯಕ್ಕೆ ಬಂದ. ಅವನ ಮುಖದಲ್ಲಿ ಜಂಬವಿರಲಿಲ್ಲ.

"ಲಾಯದಣ್ಣ, ಕೂತ್ಕೋ. ಹದಿನೇಳು ಇವತ್ತಿಂದ ನಿವೃತ್ತ ಸಿಬ್ಬಂದಿ, ಅದೇನೋ ಸರಿ. ಆದ್ರೆ ಯಾವುದೇ ಸಾಹೇಬರು ನಿವೃತ್ತರಾದ ದಿನಾನೇ ಅವರ ಸೇವಕನ ಹುದ್ದೆಯೂ ರದ್ದಾಗತ್ತೆ. ಅದು ನಿಯಮ."

"ನಾನು ಸಾರಿಗೆಯೋನಲ್ವೇನಪ್ಪಾ? ನಾಳೆಯಿಂದ ಜೀಪು ತೊಳಿ ಅಂದಿದಾರೆ."

"ಬೆಳಿಗ್ಗೆ ಆಗಿದ್ದೆ. ಇವನ ಕೈಕೆಳಗೆ ಇರೋನು ಅಂತ ನೀನೇ ಹೇಳಿದ್ಯಲ್ಲ. ನಕ್ಷೇಲಿ ಅಲ್ಲೇ ಹಾಕಿದಾರೆ."

"ಪಿಂಚಣಿ?"

"ಇಪ್ಪತ್ತು ವರ್ಷ ಆಗ್ಬೇಕು. ನಿನಗೆ ಹದಿನೆಂಟೇ."

"ಇವನಿಗೂ ಹದಿನೆಂಟೇ!"

"ಪದಕ ಬಂದೋರಿಗೆ ಎರಡು ವರ್ಷ ಸೇರಿಸ್ತಾರೆ."

ಲಾಯದವನು ಬಕೆಟ್ಟನ್ನು ಬೋರಲು ಹಾಕಿ, ಲಾಯದ ಬಾಗಿಲಿಗೆ ಒರಗಿ ಅದರ ಮೇಲೆ ಕುಸಿದು ಕೂತ. ಒಂದೇ ಒಂದು ಸಲ, ನಡುಬೀದಿಯಲ್ಲಿ ತಾನೂ ಓಡದೆ ನಿದ್ದೆ ಹೋಗಿದ್ದರೆ! ಹೆಂಡತಿ ಮೆಲ್ಲನೆ ಕೇಳಿದಳು, "ಮನೆ?"

"ಮನೇನೂ ಹೋಗತ್ತಮ್ಮ, ಇವರ ಹೆಸರಲ್ಲಿದ್ರೆ. ಪದಕ ಬಂದ ನಿವೃತ್ತರಿಗೆ ಮಾತ್ರ ಬದುಕಿರೋ ತನಕ ಮನೆ ಇರತ್ತೆ." ರೈಟರ್ ಪೆನ್ನಿನ ತುದಿ ಕಚ್ಚಿದ. "ಅವರ ಅವಲಂಬಿತರು ಯಾರಾದ್ರೂ ಇದ್ರೆ ಅವರೂ ಜೊತೇಲಿರಬಹುದು. ಅದಕ್ಕೇ ಈ ಫಾರಂ ತಂದೆ. ಅವಲಂಬಿತರು ಎಷ್ಟು ಜನ ಅಂತ ಬರೀಲಿ?"

ಲಾಯದವನು ಹೆಂಡತಿಯತ್ತ ತಿರುಗಿದ.

"ಇಬ್ರು," ಎಂದಳು ಹೆಂಡತಿ.

"ಸಂಬಂಧ?"

ಅವಳು ಹತ್ತಿರ ಹೋಗಿ ಕುದುರೆಯ ಹಣೆಯ ಮೇಲಿನ ಕೂದಲನ್ನು ಪಕ್ಕಕ್ಕೆ ಸರಿಸಿದಳು.

"ವಯಸ್ಸಾದ ತಂದೆ ತಾಯಿ ಅಂತ ಹಾಕಿ."

ರೈಟರ್ ಹಾಗೆಯೇ ಬರೆದ. ರುಜುವಿನ ಜಾಗಕ್ಕೆ ಮುಂಗಾಲಿನ ಗೊರಸಿಗೆ ಶಾಯಿ ಹಚ್ಚಿ ಒತ್ತಿಸಿಕೊಂಡ. ಹೋಗುವ ಮುಂಚೆ ಕುದುರೆಯ ತುಟಿ ಎತ್ತಿ ಸವೆದ ಹಲ್ಲುಗಳನ್ನು ನೋಡಿದ. ನೋಡಿ, "ಚೆನ್ನಾಗಿ ನೋಡ್ಕೋಪ್ಪಾ, ಇನ್ಮೇಲೆ ಅವನ ಆಯಸ್ಸೇ ನಿಮ್ಮ ಮನೆ," ಎಂದು ಹೇಳಿ ಹೋದ. ಲಾಯದವನು ಒರಗಿದ ಬಾಗಿಲಿನಿಂದ ತಲೆಯೆತ್ತಿದ. ಹದಿನೇಳು ನಿಂತಲ್ಲೇ ನಿದ್ದೆ ಹೋಗಿತ್ತು. ಅವನು ಎದ್ದು ಹತ್ತಿರ ಹೋಗಿ, ಉಸಿರಾಡುತ್ತಿದೆಯೇ ಎಂದು ಅದರ ಮೂಗಿನ ಹತ್ತಿರ ಕೈ ಹಿಡಿದು ನೋಡಿದ.