ಆರು ಸಲ ತಪ್ಪಿದರೂ ಶಾಬಾಸ್

“ನಿಮ್ಮ ಕಂಠ ಚೆನ್ನಾಗಿದೆ. ನೀವು ನಿಲ್ಲೋ ಗತ್ತು ಚೆನ್ನಾಗಿದೆ. ಕೋಲು ಹಿಡಿಯೋ ರೀತೀನೂ ಚೆನ್ನಾಗಿದೆ. ಆದ್ರೆ ಆ ಹುಡುಗಿ ತಂಡ ಬಿಟ್ಟು ಓಡಿಹೋಗಿದ್ದು ನಿಮ್ಮ ಭಾಷಣಕ್ಕೇ ರೀ.”

ತೆಲೇಸಿಯಾ ಕೇದಗೆ ಓಲೆಯ ಚಾಪೆ ಹೆಣೆಯುತ್ತಾ ಇದನ್ನು ಬಹಳ ನಯವಾಗಿ ಹೇಳಿದಳು. ಊರ ಹುಡುಗಿಯರ ನೆಟ್‌ಬಾಲ್ ತಂಡಕ್ಕೆ ಅವಳೇ ತರಬೇತುದಾರಳು. ಹೋದ ವಾರ ರಾಜಧಾನಿ ಆಪಿಯಾಕ್ಕೆ ಹೋಗಿ ಎರಡು ದಿನದ ಶಿಬಿರ ಮುಗಿಸಿ ಬಂದಿದ್ದಳು. ಒಂದು ತಪ್ಪು ಹೇಳುವ ಮೊದಲು ಮೂರು ಮೆಚ್ಚುಗೆ ಹೇಳಬೇಕು ಎಂದು ಅಲ್ಲಿ ಕಲಿಸಿದ್ದರು. ಅಂದಿನಿಂದ ಅದು ಅವಳಿಗೆ ವ್ರತವಾಗಿಬಿಟ್ಟಿತ್ತು.

ಎದುರಿಗೆ ಕೂತು ತೊಡೆಯ ಮೇಲೆ ತೆಂಗಿನ ನಾರು ಹೊಸೆಯುತ್ತಿದ್ದ ಗಂಡ ಪೆನಿಯಾಮಿನಾ ತಲೆ ಎತ್ತಿದ. ಅವನು ಊರ ಸಭೆಯಲ್ಲಿ ಹಿರಿಯರ ಪರವಾಗಿ ಕೋಲೂರಿ ಮಾತಾಡುವ ವಾಗ್ಮಿ. ಪಂದ್ಯದ ನಡುವಿನ ಬಿಡುವಿನಲ್ಲಿ ತಂಡಕ್ಕೆ ಹುರುಪು ತುಂಬುವ ಕೆಲಸವೂ ಅವನದೇ.

“ನನ್ನ ಭಾಷಣಕ್ಕೆ ಇದುವರೆಗೂ ಒಬ್ಬರೂ ಓಡಿಹೋಗಿಲ್ಲ ಕಣೇ.”

“ನಿದ್ದೆ ಹೋದೋರು ಎದ್ದು ಓಡೋದು ಹೇಗೆ?” ಎಂದಳು ತೆಲೇಸಿಯಾ. ವ್ರತಭಂಗವಾಯಿತೆಂದು ನಾಲಿಗೆ ಕಚ್ಚಿಕೊಂಡು ಸೇರಿಸಿದಳು: “ದನಿ ಇಂಪಾಗಿದೆ ಅಂದೆ. ಬಿಡುವು ಎಷ್ಟು ನಿಮಿಷ, ಹೇಳಿ?”

“ಐದು.”

“ಹೋದ ಶನಿವಾರ ಐದು ನಿಮಿಷದಲ್ಲಿ ಏನು ಹೇಳಿದ್ರಿ?”

“ನಮ್ಮೂರ ಹಿರಿಯರಿಗೆ ವಂದನೆ ಹೇಳಿದೆ. ಅವರೂರ ಹಿರಿಯರಿಗೂ ಹೇಳಿದೆ, ಬಿಡೋಕಾಗುತ್ತಾ? ಆಮೇಲೆ ಪಾದ್ರಿಗಳಿಗೆ. ಆಮೇಲೆ ನಮ್ಮಜ್ಜಂದಿರು ಮೀನು ಬೇಟೆಗೆ ದೋಣಿ ಹತ್ತಿದ ಕತೆ ಶುರು ಮಾಡಿದೆ. ಅಷ್ಟರಲ್ಲಿ ಆ ಮರ್ಯಾದೆಗೆಟ್ಟವನು ಸೀಟಿ ಊದಿದ.”

“ಮೂರು ವರ್ಷದಿಂದ ಅಜ್ಜಂದಿರು ದೋಣೀಲೇ ಕೂತಿದ್ದಾರೆ. ಒಂದು ಮೀನೂ ಹಿಡಿದಿಲ್ಲ.”

“ಮತ್ತೆ ನಿನ್ನ ಬಾಯಿ? ‘ಓಡೇ ಆಮೆ’ ಅಂತ ನೀನು ಕಿರುಚಿದ್ರೆ ರಸ್ತೇಲಿ ಹೋಗೋ ಬಸ್ಸು ನಿಲ್ಲುತ್ತೆ. ಡ್ರೈವರ್ ಇಳಿದು ಕ್ಷಮೆ ಕೇಳ್ತಾನೆ.”

“ಅದು ಹಳೇ ಕತೆ. ಹೋದ ಶನಿವಾರ ಕಿರುಚಿದ್ನಾ? ಎಸೇಟಾ ಆರು ಸಲ ಗುರಿ ತಪ್ಪಿದಳು. ಆರು ಸಲಾನೂ ಶಾಬಾಸ್ ಅಂದೆ!”

“ಆರು ಸಲಾನೂ?”

“ಕುರ್ಚಿ ಹಾಕಿ ಕೂರಿಸಿದೆ. ಮೊದಲ ಎಳನೀರು ಅವಳಿಗೇ ಕೊಟ್ಟೆ. ನನ್ನ ಕೈಯಾರೆ!”

ಪೆನಿಯಾಮಿನಾ ಹೊಸೆಯುವುದನ್ನು ನಿಲ್ಲಿಸಿದ. “ಇಷ್ಟೆಲ್ಲಾ ಮಾಡಿದ ಮೇಲೂ ಬಿಟ್ಟು ಹೋದಳು ಅಂದ್ರೆ ತಪ್ಪು ನಂದೇ ಇರಬೇಕು ಬಿಡು.”

ವಾದದಲ್ಲಿ ಗೆದ್ದರೂ ತೆಲೇಸಿಯಾಗೆ ಸಮಾಧಾನವಾಗಲಿಲ್ಲ. ನಾಳೆ ಬೆಳಿಗ್ಗೆ ಪಕ್ಕದೂರಿನ ಮೇಲೆ ಕೊನೆಯ ಪಂದ್ಯ. ಕಂಬದ ಮೇಲಿನ ಬಳೆಯೊಳಗೆ ಚೆಂಡು ಹಾಕಬಲ್ಲವಳು ಎಸೇಟಾ ಒಬ್ಬಳೇ, ಮತ್ತು ಅವಳು ವಾರದಿಂದ ಅಭ್ಯಾಸದ ಕಡೆ ತಲೆಹಾಕಿರಲಿಲ್ಲ. ಪಂದ್ಯ ಹಾಳಾಗಲಿ, ಆರು ವರ್ಷದವಳಿದ್ದಾಗಿನಿಂದ ಕೈ ಹಿಡಿದು ಕಲಿಸಿದ ಮಗು ಅದು.

ಹಾಗೆ ಯೋಚಿಸುತ್ತಿರುವಾಗಲೇ ಎಸೇಟಾ ಅಂಗಳ ದಾಟಿ ಬಂದಳು. ಹಿರಿಯರ ಮುಂದೆ ಬೆನ್ನು ಬಾಗಿಸಿ ನಡೆದು, ಮನೆಯ ಕಂಬದ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತಳು. ಮಡಿಸಿದ ತಂಡದ ಅಂಗಿಯನ್ನು ಚಾಪೆಯ ಮೇಲಿಟ್ಟು ಮುಂದಕ್ಕೆ ತಳ್ಳಿದಳು.

ತೆಲೇಸಿಯಾ ಹೆಣೆಯುವುದನ್ನು ಬಿಟ್ಟು ಗಂಡನ ಕಡೆ ವಾಲಿದಳು. “ನೀವು ಭಾಷಣ ಮಾಡಬೇಡಿ,” ಎಂದು ಗಂಡನಿಗೆ ಪಿಸುಗುಟ್ಟಿದಳು.

“ನೀನು ಕಿರುಚಬೇಡ,” ಎಂದು ಅವನು ಪಿಸುಗುಟ್ಟಿ, ಜನ್ಮದಲ್ಲಿ ಮೊದಲ ಸಲ ಚುಟುಕಾಗಿ ಮಾತಾಡಲು ಹೊರಟ. “ಎಸೇಟಾ! ಆಡು!”

ಹುಡುಗಿ ಬೆಚ್ಚಿಬಿದ್ದಳು. ಇಷ್ಟು ಒರಟಾಗಿ ಮಾತಾಡಿದೆನಲ್ಲಾ ಎಂದು ವಾಗ್ಮಿಗೇ ನಾಚಿಕೆಯಾಯಿತು. ಸರಿಪಡಿಸಲು ಗಂಟಲು ಸರಿಮಾಡಿಕೊಂಡ. “ಈ ಊರಿನ ಹಿರಿಯರಿಗೆ ವಂದಿಸಿ, ಈ ಮಗಳ ಮನೆತನಕ್ಕೆ ವಂದಿಸಿ...”

“ಬೀಳ್ಕೊಡುಗೆ ಭಾಷಣನೂ ಶುರುವಾಯ್ತು,” ಎಂದಳು ಎಸೇಟಾ.

“ರೀ, ಸುಮ್ನಿರಿ!” ತೆಲೇಸಿಯಾ ಜೇನಿನಂಥ ದನಿ ಮಾಡಿಕೊಂಡಳು. “ಎಸೇಟಾ, ನೀನು ಅಂಗಿ ಮಡಿಸಿರೋದು ಚೆನ್ನಾಗಿದೆ. ಕೂತಿರೋ ರೀತಿ ಚೆನ್ನಾಗಿದೆ. ತಲೆ ಬಾಚಿರೋದಂತೂ ತುಂಬಾ...”

ಎಸೇಟಾಳ ಕಣ್ಣಿನಿಂದ ನೀರು ಇಳಿಯಿತು.

“ಅಯ್ಯೋ, ಯಾಕಮ್ಮಾ? ಇರು, ಬಿಸಿ ಕೋಕೋ ಕುಡಿ.” ತೆಲೇಸಿಯಾ ಒಳ್ಳೆಯ ಬಟ್ಟಲಿನಲ್ಲಿ ಕೋಕೋ ಬಗ್ಗಿಸಿ ಎರಡೂ ಕೈಯಿಂದ ಅವಳ ಮುಂದೆ ಹಿಡಿದಳು.

“ನೋಡಿ, ಮತ್ತೆ ಅದೇ!” ಹುಡುಗಿ ಗೊಳೋ ಎಂದು ಅತ್ತುಬಿಟ್ಟಳು. “ತಂಡದಿಂದ ತೆಗೆದ ಮೇಲೆ ತೆಗೆದೆ ಅಂತ ಹೇಳಿಬಿಡಿ ದೊಡ್ಡಮ್ಮ!”

“ಯಾರೇ ನಿನ್ನ ತೆಗೆದಿದ್ದು?”

“ನೀವೇ! ಎಲ್ಲರ ಎದುರಿಗೆ ಕುರ್ಚಿ ಹಾಕಿದ್ರಿ. ಹಿರಿಯರಿಗಿಂತ ಮೊದಲು ನನಗೆ ಎಳನೀರು ಕೊಟ್ಟಿರಿ. ಮೊದಲು ಕೊಡೋದು ನೆಂಟರಿಗೆ. ಮನೆ ಮಕ್ಕಳಿಗೆ ಯಾವತ್ತಾದ್ರೂ ಮೊದಲು ಕೊಟ್ಟಿದ್ದೀರಾ? ಆಕ್ಲೆಂಡಿಂದ ಪಾದ್ರಿಗಳ ಸೊಸೆ ಬಂದಾಗ ಹಿಂಗೇ ಮಾಡಿದ್ರಿ. ಅವಳು ಮರುದಿನವೇ ವಾಪಸ್ ಹೋದಳು!”

“ಅಲ್ಲ, ಅದು ಶಿಬಿರದಲ್ಲಿ...”

“ಹೋದ ತಿಂಗಳು ತಂಡದ ಲುಪೆ ಒಂದು ಸಲ ಚೆಂಡು ಬಿಟ್ಟಳು. ಅವಳಿಗೆ ‘ಕೈಗೆ ಎಣ್ಣೆ ಹಚ್ಕೊಂಡಿದ್ದೀಯಾ’ ಅಂತ ಎಷ್ಟು ಚೆನ್ನಾಗಿ ಬೈದ್ರಿ! ನಾನು ಆರು ಸಲ ಗುರಿ ತಪ್ಪಿದೆ. ನನಗೆ ಬರೀ ಶಾಬಾಸ್. ನಾನು ಇನ್ನು ಸುಧಾರಿಸಲ್ಲ ಅಂತ ಕೈಬಿಟ್ರಿ ತಾನೇ?”

ಪೆನಿಯಾಮಿನಾ ಹೆಂಡತಿಯ ಮುಖ ನೋಡಿದ. ಹೆಂಡತಿ ಬಟ್ಟಲಿನ ಮುಖ ನೋಡಿದಳು. ಬಟ್ಟಲು ಠಪ್ಪೆಂದು ಕೆಳಗೆ ಕೂತಿತು.

“ಲೇ ಪೆದ್ದಿ! ಮೊದ್ದು! ಮರದ ಕೊರಡೇ! ಆರು ಸಲ ಗುರಿ ತಪ್ಪಿ, ಅದು ಸಾಲದು ಅಂತ ವಾರ ಪೂರ್ತಿ ಮನೇಲಿ ಮುಖ ಊದಿಸ್ಕೊಂಡು ಕೂತಿದ್ಯಾ? ಮೊಣಕೈ ರೆಕ್ಕೆ ಮುರಿದ ಕೋಳಿ ಥರ ಆಚೆ ಚಾಚಿದ್ರೆ ಚೆಂಡು ಬಳೆಗೆ ಬೀಳುತ್ತಾ, ಸಮುದ್ರಕ್ಕೆ ಬೀಳುತ್ತಾ? ಏಳು ಮೇಲಕ್ಕೆ! ಅಂಗಿ ಹಾಕ್ಕೋ! ಕತ್ತಲಾಗೋದ್ರೊಳಗೆ ಐವತ್ತು ಬೀಳಬೇಕು, ಇಲ್ಲಾಂದ್ರೆ ನಿನ್ನನ್ನೇ ಬಳೆಯೊಳಗೆ ತುರುಕ್ತೀನಿ!”

ರಸ್ತೆಯಲ್ಲಿ ಯಾರದೋ ಸೈಕಲ್ ಗಕ್ಕನೆ ನಿಂತಿತು. ಎಸೇಟಾ ಅಂಗೈಯಿಂದ ಮೂಗು ಒರೆಸಿಕೊಂಡು ಬಾಯಿ ತುಂಬಾ ನಕ್ಕಳು. “ಹೂಂ ದೊಡ್ಡಮ್ಮ,” ಎಂದು ಅಂಗಿ ಬಾಚಿಕೊಂಡು, ಚೆಂಡು ಎತ್ತಿಕೊಂಡು, ಹಿತ್ತಲಲ್ಲಿ ತೆಂಗಿನ ಮರಕ್ಕೆ ಹೊಡೆದಿದ್ದ ಬಳೆಯ ಕಡೆಗೆ ಓಡಿದಳು.

ತೆಲೇಸಿಯಾ ಉಸ್ಸೆಂದು ಕೂತಳು. ಗಂಟಲು ಹಗುರವಾಗಿತ್ತು, ಮನಸ್ಸು ಇನ್ನೂ ಹಗುರವಾಗಿತ್ತು. ಆದರೂ ಶಿಬಿರದಲ್ಲಿ ಕಲಿಸಿದವರು ನೆನಪಾಗಿ ಸ್ವಲ್ಪ ಅಳುಕಾಯಿತು.

“ಜಾಸ್ತಿ ಬೈದುಬಿಟ್ನಾ ರೀ? ಇನ್ನೊಂದು ಒಳ್ಳೆ ಮಾತು ಹೇಳಿ ಬರ್ಲಾ?”

“ಬೇಡವೇ ಬೇಡ,” ಎಂದ ಪೆನಿಯಾಮಿನಾ. “ಮತ್ತೆ ಅಳಿಸ್ತೀಯಾ.”

ಹಿತ್ತಲಿನಿಂದ ಚೆಂಡು ನೆಲಕ್ಕೆ ಬಡಿದ ಸದ್ದು ಕೇಳಿಸಿತು. ಮತ್ತೆ ಬಡಿಯಿತು, ಮತ್ತೂ ಬಡಿಯಿತು. ಆಮೇಲೆ ಒಂದು ಚಿಂತೆಯ ದನಿ.

“ದೊಡ್ಡಮ್ಮಾ! ನಾಲ್ಕು ತಪ್ಪೋಯ್ತು, ಇನ್ನೂ ಯಾರೂ ಏನೂ ಅಂದಿಲ್ಲ! ನಾನು ತಂಡದಲ್ಲಿ ಇದ್ದೀನಿ ತಾನೇ?”