ಉಡ್ಯಾಗಿನ ಕರಿಕಿ

ಹುಲ್ಲಿನ ಉಸಾಬರಿಗೆ ಹೋದಾಕಿನ್ನ ಮಂದಿ ನಗದ ಬಿಡಂಗಿಲ್ಲ. ನನಗಂತೂ ಬಿಡಲಿಲ್ಲ. ಎಂಬತ್ತರ ದಶಕದಾಗ ನಾವು ಅಂಕಲಿ ಹತ್ರ ಹೊಳಿದಂಡಿ ಕ್ವಾಟರ್ಸಿನ್ಯಾಗ ಇದ್ವಿ. ನಮ್ಮನಿಯವ್ರಿಗೆ ನೀರೆತ್ತೂ ಪಂಪಿನ ಮ್ಯಾಲ ಡ್ಯೂಟಿ. ನನ್ನ ತವರೂ ತೆಲಸಂಗ, ಗಂಡನ ಮನೀನೂ ತೆಲಸಂಗ. ಅಲ್ಲಿ ಬ್ಯಾಸಿಗ್ಯಾಗ ಹಸರು ನೋಡಬೇಕಂದ್ರ ಕೈಯಾನ ಬಳಿ ನೋಡ್ಕೋಬೇಕು. ಅದಕ್ಕ ಕ್ವಾಟರ್ಸಿನ ನಡುವಿನ ಬಯಲು ಕಂಡು ಹಟಾ ಹಿಡದೆ: ಇಲ್ಲಿ ಬಾರಾ ಮಹಿನಾ ಹಸರು ಹುಲ್ಲು ಇರಬೇಕು.

ಚಕ್ಕಡಿ ತುಂಬ

ನೆಲಕ್ಕ ಹಾಸಿದಂಗ ಹಬ್ಬೂ ಹುಲ್ಲು ಅಂದ್ರ ಕರಿಕಿ. ಬಾಜೂ ಹೊಲದ ಕಾಕಾನ ಕಡೆ ಹೋಗಿ, "ನಾಕು ಬುಟ್ಟಿ ಕರಿಕಿ ಕೊಡ್ತೀರೇನ್ರಿ?" ಅಂದೆ. ಕಬ್ಬಿನ್ಯಾಗಿನ ಕರಿಕಿ ಕಿತ್ತು ಕಿತ್ತು ಬೆನ್ನು ಬಾಗಿದ ಮನಷ್ಯಾ.

"ಗಣಪ್ಪಗ ಏರಸಾಕೇನವ್ವಾ?"

"ಅಲ್ರಿ, ನೆಲದಾಗ ಹಚ್ಚಾಕ."

"ಏ, ಇಲ್ಲಿ ಬಾ! ಈ ತಂಗಿ ಕರಿಕಿ ಹಚ್ಚತಾಳಂತ!" ಅಂತ ಹೆಂಡತಿನ್ನ ಕೂಗಿದ. ಇಬ್ರೂ ಕೂಡಿ ಚಕ್ಕಡಿ ತುಂಬಿ, ಎತ್ತು ಹೂಡಿ, ತಾವ ಕ್ವಾಟರ್ಸಿಗೆ ತಂದು ಮುಟ್ಟಿಸಿದ್ರು. ಹೋಗೂ ಮುಂದ ಕಾಕಾ ಕೈಮುಗದ: "ಒಂದ ಮಾತು ಯವ್ವಾ. ಏನಾರ ಆಗಲಿ, ತಿರುಗಿ ತರಬ್ಯಾಡ."

ಬಿಳಿ ಅರಿವಿ

ಬಾಜೂ ಮನಿ ಆಯಿ ಶೇಡಬಾಳದ ಜೈನರಾಕಿ. "ದನಾ ಮೇಯಂಗಿಲ್ಲ, ಮಂದಿ ತುಳಿಯಂಗಿಲ್ಲ. ಹಂಗಾರ ಈ ಹುಲ್ಲು ಯಾರಿಗೆ ತಂಗಿ?" ಅಂದ್ಲು.

"ನನ್ನ ಕಣ್ಣಿಗೆ, ಆಯಿ."

ಮರುದಿನ ಆಯಿ ತಾನ ನೀರಿನ ಪೈಪ್ ಹಿಡದು ನಿಂತಿದ್ಲು; ಪೈಪಿನ ಬಾಯಿಗೆ ಬಿಳಿ ಅರಿವಿ ಕಟ್ಟಿದ್ಲು. ಸೋಸದ ನೀರು ತಾನೂ ಕುಡೀತಿರಲಿಲ್ಲ, ಹುಲ್ಲಿಗೂ ಕುಡಸಲಿಲ್ಲ. ಅರಿವ್ಯಾಗ ಸಿಕ್ಕ ಸಣ್ಣ ಜೀವಗಳನ್ನ ಮತ್ತ ಹೊಳಿಗೇ ಬಿಟ್ಟು ಬರಬೇಕು. ಹಿಂಗಾಗಿ ದಿನಾ ಸಂಜಿಕೆ ಇಬ್ರೂ ಹೊಳಿತನಕ ಮಾತಾಡಕೋತ ಹೋಗ್ತಿದ್ವಿ.

ಒಂದಿನ ಅರಿವ್ಯಾಗ ಏನೂ ಕಾಣಲಿಲ್ಲ. "ಇವತ್ತು ಬ್ಯಾಡ ಬಿಡ ಆಯಿ," ಅಂದೆ.

"ಕಣ್ಣಿಗೆ ಕಂಡ್ರಷ್ಟ ಜೀವೇನು? ನಡಿ!"

ದಾರ್ಯಾಗ ತಿಳೀತು. ನಿನ್ನಿ ಆಯಿ ಹೇಳಾಕತ್ತಿದ್ದ ತನ್ನ ಸೊಸಿ ಮ್ಯಾಲಿನ ದೂರು ಅರ್ಧಕ್ಕ ನಿಂತಿತ್ತು.

ಬೋರ್ಡು

"ಹುಲ್ಲಿನ ಮೇಲೆ ಕಾಲಿಡಬೇಡಿ" ಅಂತ ಬೋರ್ಡ್ ನಿಲ್ಲಿಸಿದೆ. ನಿಪ್ಪಾಣಿಯಿಂದ ಬಂದ ಬೀಗರೊಬ್ರು ಅದನ್ನ ಪೂರ್ತಿ ಓದಿ, ಚಪ್ಪಲಿ ಬಿಟ್ಟು, ಹುಲ್ಲು ಮುಟ್ಟಿ ನಮಸ್ಕಾರ ಮಾಡಿ, ನಡುವ ಹಾದು ಬಂದ್ರು.

"ಬೋರ್ಡ್ ಓದಲಿಲ್ಲೇನ್ರಿ?"

"ಓದೀನ್ರಿ ಅಕ್ಕಾರ. ಅದಕ್ಕ ಚಪ್ಪಲಿ ಬಿಟ್ಟೀನಿ!"

ತೆಲಸಂಗದಾಗ

ಆಮ್ಯಾಲ ಅಥಣಿಗೆ ವರ್ಗಾ ಆತು. ತೆಲಸಂಗದ ಮನಿಗೇ ಬಂದ್ವಿ. ಹೊಂಡೂ ದಿನಾ ಆಯಿ ಒಂದು ಹಿಡಿ ಕರಿಕಿ ಬೇರು ಸಮೇತ ಕಿತ್ತು, ಆ ಬಿಳಿ ಅರಿವ್ಯಾಗ ಸುತ್ತಿ, ನನ್ನ ಉಡಿ ತುಂಬಿದ್ಲು. ಬಸ್ಸಿನ್ಯಾಗ ದಾರಿ ಪೂರಾ ಅತ್ತೆ.

ಹಿತ್ತಲದಾಗ ಹಚ್ಚೂದು ನೋಡಿ ಮಾವ ಹಣಿ ಬಡಕೊಂಡ್ರು. "ಮಂದಿ ಸೊಸ್ತ್ಯಾರು ಉಡ್ಯಾಗ ಅಕ್ಕಿ, ಕೊಬ್ರಿ ತರ್ತಾರ. ನಮ್ಮಾಕಿ ಕರಿಕಿ ತಂದಾಳೋ! ಹೊಲಕ್ಕ ಹಬ್ಬಿದ್ರ ಗತಿ ಏನು?"

ಎಲ್ಲಿ ಹಬ್ಬೀತು? ಬ್ಯಾಸಿಗಿ ಬಂದು ಕುಡ್ಯಾಕ ನೀರಿಲ್ಲದಂಗಾತು, ಕರಿಕಿ ಒಣಗಿ ಕಸಾ ಆತು. ನೋಡಿದ್ರ ಆಯಿ ನೆನಪಾಗತಿದ್ಲು, ಹೊಳಿ ದಾರಿ ನೆನಪಾಗತಿತ್ತು. ಹಿತ್ತಲಕ್ಕ ಹೋಗೂದ ಬಿಟ್ಟೆ.

ಒಂದಿನ ಮುಂಜಾನೆ ಮಾವನ್ನ ಹುಡುಕಕೋತ ಹೋದ್ರ, ಒಣಗಿದ ಕರಿಕ್ಯಾಗ ಹಸರು ಚಿಗರು! ಮುಂದ ಮಾವ ಕುಕ್ಕರಗಾಲ್ಲೆ ಕುಂತು, ತಾವು ಕುಡಿಯೂ ತಂಬಗಿ ಬೊಗ್ಗಿಸಿ ನೀರು ಹಾಕಾಕತ್ತಾರ. ತಂಬಗಿ ಬಾಯಿಗೆ ಆಯಿಯ ಬಿಳಿ ಅರಿವಿ.

"ಇದೇನ್ರಿ ಮಾವಾ?"

ಮಾವ ನಾಚಿದ್ರು. "ಸೋಸದ ನೀರು ಇದಕ್ಕ ಒಗ್ಗಂಗಿಲ್ಲಂತ ನೀನ ಹೇಳಿದ್ದೆಲ್ಲ?"

ನನಗ ನಗೂನೂ ಬಂತು, ಅಳೂನೂ ಬಂತು. ಮಾವ ಅರಿವಿ ಬಿಚ್ಚಿ, ಮಡಚಿ, ನನ್ನ ಕೈಯಾಗಿಟ್ರು.

"ಅಳಬ್ಯಾಡ, ಸೀರಿ ಉಟಗೊಂಡು ಲಗೂ ಬಾ. ಇದರಾಗಿನ ಜೀವಗಳನ್ನ ಹೊಳಿಗೇ ಬಿಡಬೇಕಂತಲ್ಲ? ಅಂಕಲಿ ಬಸ್ಸು ಎಷ್ಟಕ್ಕೈತಿ?"