ದವಡೆಗೆ ನಾನೇ ಕೊಟ್ಟ ಅಂಕ

ನೋವು ಸಹಿಸುವುದು ನನಗೆ ಗೊತ್ತು. ಅದನ್ನು ಅಳೆದು ಕೊಡಿ ಎಂದು ಯಾರಾದರೂ ಕೇಳಿದರೆ ಮಾತ್ರ ಸಿಟ್ಟು ನೆತ್ತಿಗೇರುತ್ತದೆ. ಜ್ವರ ಅಳೆಯಲು ಒಂದು ಕಡ್ಡಿಯಿದೆ, ರಕ್ತದೊತ್ತಡಕ್ಕೆ ತೋಳಿಗೆ ಸುತ್ತುವ ಪಟ್ಟಿಯಿದೆ. ಕಿವಿಯ ಮುಂದೆ, ದವಡೆಯ ಕೀಲಿನಲ್ಲಿ ಕಟಕ್ ಎನ್ನುವ ನೋವಿಗೆ ಮಾತ್ರ ನಾನೇ ಥರ್ಮಾಮೀಟರ್ ಆಗಬೇಕಂತೆ!

ಮಳೆಗಾಲ ಮುಗಿದಾಗಿನಿಂದ ಏನನ್ನು ಅಗಿಯಹೋದರೂ ಬಲದವಡೆ ಜೀವ ಹಿಂಡುತ್ತಿದೆ. ಡೊಂಬಿವಲಿಯ ನಮ್ಮ ಪುಟ್ಟ ಅಡುಗೆಮನೆಯಲ್ಲಿ ದಿನವೂ ಜೋಳದ ರೊಟ್ಟಿ ಬಡಿದು, ಅದನ್ನು ಯಜಮಾನರ ತಾಟಿಗೆ ಹಾಕಿ, ನಾನು ಹಾಲನ್ನ ನುಂಗುತ್ತೇನೆ. ಅವರು ಎದುರಿಗೇ ಕೂತು ಉಳ್ಳಾಗಡ್ಡಿ ಕಡಿಯುವ ಸದ್ದಿಗೆ ನನಗೆ ಅಳು ಬರುತ್ತದೆ. ಒಂದು ತುತ್ತು ರೊಟ್ಟಿ ಅಗಿಯುವಂತಾದರೆ ಸಾಕೆಂದು, ಠಾಣೆ ಸ್ಟೇಷನ್ನಿನಲ್ಲಿ ರೈಲು ಬದಲಿಸಿ, ನವಿ ಮುಂಬಯಿಯ ಒಂದು ದಂತ ಆಸ್ಪತ್ರೆಗೆ ಇಬ್ಬರೂ ಹೋದೆವು.

ಅಲ್ಲಿನ ಡಾಕ್ಟರ್ ಬೆಂಗಳೂರಿನ ಹುಡುಗಿ. "ಆಂಟಿ, ಎಕ್ಸ್‌ರೇಲಿ ಎಲ್ಲಾ ಕಾಣಲ್ಲ. ನಿಮಗೆ ಹೇಗನ್ಸುತ್ತೆ ಅನ್ನೋದೇ ಇಂಪಾರ್ಟೆಂಟ್. ಸ್ಕೋರ್ ನೋಡ್ಕೊಂಡೇ ಟ್ರೀಟ್‌ಮೆಂಟ್," ಎಂದು ಶುರುಮಾಡಿದಳು. "ಹೋದ ತಿಂಗಳು ಗಟ್ಟಿ ಪದಾರ್ಥ ತಿನ್ನೋಕೆ ಎಷ್ಟು ತೊಂದರೆ ಆಯ್ತು? ಸೊನ್ನೆಯಿಂದ ಹತ್ತರೊಳಗೆ ಹೇಳಿ."

ತಿಂದೇ ಇಲ್ಲ, ತೊಂದರೆ ಎಲ್ಲಿಂದ ಬರಬೇಕು? "ಸೊನ್ನೆ" ಎಂದೆ.

"ಆಕಳಿಸೋಕೆ?"

ಹೊತ್ತಿಗೆ ಸರಿಯಾಗಿ ಮಲಗಿ ಏಳುವವರಿಗೆ ಆಕಳಿಕೆಯೆಂಬ ಅಶಿಸ್ತು ಇರುವುದಿಲ್ಲ. ಅದಕ್ಕೂ ಸೊನ್ನೆ.

"ಮಾತಾಡೋಕೆ?"

ನಾನು ಉತ್ತರಿಸುವ ಮೊದಲೇ ಯಜಮಾನರು, "ಅದಕ್ಕ ದೊಡ್ಡ ಸೊನ್ನಿ ಬರ್ಕೋರಿ ಡಾಕ್ಟರ್ರ. ಮದುವಿ ಆದಾಗಿಂದ ನಾನಽ ಸಾಕ್ಷಿ!" ಎಂದರು.

"ನೀವು ಸುಮ್ಮನ ಕುಂದರ್ರಿ! ಪರೀಕ್ಷಾ ನಂದೈತಿ," ಎಂದು ಗದರಿದೆ. ಗದರಿದ್ದು ಬಹಳ ಸ್ಪಷ್ಟವಾಗಿ ಕೇಳಿಸಿತೆಂದು ಕಾಣುತ್ತದೆ. ಡಾಕ್ಟರ್ ಸೊನ್ನೆ ಬರೆದುಕೊಂಡಳು.

"ಲಾಸ್ಟ್ ಕ್ವೆಶ್ಚನ್ ಆಂಟಿ. ಊಹಿಸೋಕೂ ಆಗದಂಥ ನೋವು ಹತ್ತು ಅಂದ್ರೆ, ನಿಮ್ಮದೆಷ್ಟು?"

ಇಲ್ಲಿ ನಾನು ಕಂಗಾಲಾದೆ. ಇಡೀ ಆಯುಷ್ಯ ಕನ್ನಡ ಶಾಲೆಯಲ್ಲಿ ಪೇಪರು ತಿದ್ದಿದವಳು. ಎಂಥ ಪ್ರಬಂಧಕ್ಕೂ ಹತ್ತಕ್ಕೆ ಆರರ ಮೇಲೆ ಕೊಟ್ಟವಳಲ್ಲ. ನಾಳೆ ಇದಕ್ಕಿಂತ ಉತ್ತಮವಾದದ್ದು ಬಂದರೆ ಏನು ಕೊಡುವುದು? ನೋವಿಗೂ ಅದೇ ನ್ಯಾಯ. "ಮೂರೂವರೆ" ಎಂದೆ.

ಡಾಕ್ಟರ್ ಕೂಡಿಸಿ ನೋಡಿ ಮುಖ ಅರಳಿಸಿದಳು. "ಆಲ್ಮೋಸ್ಟ್ ನಾರ್ಮಲ್! ಶಾಖ ಕೊಟ್ಕೊಳ್ಳಿ, ಆರು ತಿಂಗಳು ಬಿಟ್ಟು ಬನ್ನಿ."

ಇನ್ನಾರು ತಿಂಗಳು ಹಾಲನ್ನ! "ಇದೆಂಥಾ ನಾರ್ಮಲ್?" ಎಂದು ಕೂಗಲು ಬಾಯಿ ಅಗಲಿಸಿದೆ. ಕಟಕ್! ತೆರೆದ ಬಾಯಿ ಮುಚ್ಚಲೇ ಇಲ್ಲ.

ಯಜಮಾನರು ಕುರ್ಚಿ ಬಿಟ್ಟು ಎದ್ದರು. "ಅಯ್ಯಽ ಡಾಕ್ಟರ್ರ, ಈಕಿ ಸುಮ್ಮನಾಗ್ಯಾಳ! ಏನೋ ಭಾಳ ಆಗೇತಿ!"

ಡಾಕ್ಟರ್ ಓಡಿ ಬಂದು ಗದ್ದ ಹಿಡಿದಳು. ಆದರೂ ಕೀಲು ಕೂರಿಸುವ ಮೊದಲು, "ಆಂಟಿ, ಬೆರಳಲ್ಲಿ ತೋರ್ಸಿ, ಈಗ ಹತ್ತಕ್ಕೆ ಎಷ್ಟು?" ಎಂದು ಕೇಳಿಯೇ ಬಿಟ್ಟಳು.

ಕಣ್ಣಿಂದ ನೀರು ಸುರಿಯುತ್ತಿತ್ತು. ರೊಟ್ಟಿಯನ್ನು ನೆನೆದು ಎರಡೂ ಕೈ ಎತ್ತಿ ಹತ್ತೂ ಬೆರಳು ಬಿಡಿಸಿದೆ. ಆಮೇಲೆ, ಎಷ್ಟಾದರೂ ಮನಸ್ಸು ಒಪ್ಪದೆ, ನಾಲ್ಕನ್ನು ಮಡಚಿಕೊಂಡೆ.